ಈ ವಯಸ್ಸಿನ್ಯಾಗ ಕಬ್ಬು ಯಾಕ ಅಂತ ಯಾರೂ ಕೇಳಲಿಲ್ಲ

ಹಾಸ್ಟೆಲಿನ ಗೆಳೆಯರೇ,

ಮೊದಲು ಒಂದು ಕಚೇರಿಯ ಸಂಗತಿ ಹೇಳುತ್ತೇವೆ. ಕಚೇರಿಯ ಹೆಸರು ಬೇಡ. ಅಂಥ ಕಚೇರಿ ಎಲ್ಲ ತಾಲ್ಲೂಕಿನಲ್ಲೂ ಒಂದಿದೆ. ಕುಡಚಿ ಕಡೆಯ ನಮ್ಮ ಕೇರಿಯಿಂದ ನಮ್ಮ ಅಣ್ಣ ಅಲ್ಲಿಗೆ ಹೋಗಿದ್ದ. ಅವನಿಗೆ 32 ವರ್ಷ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬೇಕು, ಅರ್ಜಿ ಕೊಡಿ ಎಂದು ಕೇಳಿದ. ಮೇಜಿನ ಆಚೆ ಕೂತವರು ಅವನ ಕೈ ನೋಡಿದರು. ಕಬ್ಬಿನ ಗರಿ ಕೊಯ್ದು ಕೊಯ್ದು ಗೆರೆಗೆರೆಯಾದ ಕೈ. ನೋಡಿ ನಕ್ಕರು.

"ಈ ವಯಸ್ಸಿನ್ಯಾಗ ನಿನಗ ಎಸ್ಸೆಸ್ಸೆಲ್ಸಿ ಯಾಕ ಬೇಕಪಾ?"

ಅಣ್ಣ ತಲೆ ತಗ್ಗಿಸಲಿಲ್ಲ. "ಸಾಹೇಬ್ರ, ಹತ್ತ ವರ್ಷದಾಂವ ಇದ್ದಾಗ ನನ್ನ ಕೈಯಾಗ ಕೊಯ್ತಾ ಕೊಟ್ರು. ಈ ವಯಸ್ಸಿನ್ಯಾಗ ಕಬ್ಬು ಯಾಕ ಅಂತ ಆಗ ಯಾರೂ ಕೇಳಲಿಲ್ಲರಿ."

ಕೋಣೆ ಒಂದು ಗಳಿಗೆ ತಣ್ಣಗಾಯಿತು. ಅರ್ಜಿ ಮಾತ್ರ ಸಿಗಲಿಲ್ಲ. "ಟಿಸಿ ತಗೊಂಡ ಬಾ" ಅಂದರು. ಟಿಸಿ ಕೊಡಬೇಕಾದ ಶಾಲೆಯಲ್ಲಿ "ಹಳೇ ರಜಿಸ್ಟರ್ ಸಿಗವಲ್ದು, ನಾಳೆ ಬಾ" ಅಂದರು. ನಾಳೆ ಎಂದರೆ ಅವರಿಗೆ ಒಂದು ಮಾತು. ಅಣ್ಣನಿಗೆ ಒಂದು ದಿನದ ಕೂಲಿ. ಮನೆಯಲ್ಲಿದ್ದ ಚೂರುಪಾರು ಕಾಗದವನ್ನು 2019ರ ಆಗಸ್ಟ್‌ನ ಮಹಾಪೂರದಲ್ಲಿ ಕೃಷ್ಣೆ ಒಯ್ದಿದ್ದಳು. ಹೊಳಿ ಒಯ್ದ ಕಾಗದಕ್ಕೆ ಯಾವ ಮೇಜಿನ ಮುಂದೆ ನಿಲ್ಲಬೇಕು? ಅದನ್ನು ಹೇಳುವವರು ಯಾರೂ ಇರಲಿಲ್ಲ.

ಗೆಳೆಯರೇ, ಇಂಥವರಿಗೆ ಸರಕಾರದ ಕಡತದಲ್ಲಿ ಒಂದು ಹೆಸರಿದೆ. "ಶಾಲೆ ಬಿಟ್ಟವರು." ಕೇಳಲು ಎಷ್ಟು ಸಭ್ಯವಾಗಿದೆ ನೋಡಿ! ಹೋಟೆಲಿನಲ್ಲಿ ಚಹಾ ಬಿಟ್ಟೆದ್ದವರ ಹಾಗೆ ತಾವೇ ಮನಸಾರೆ ಬಿಟ್ಟು ಬಂದವರಂತೆ. ನಮ್ಮ ಸೀಮೆಯಲ್ಲಿ ಕಬ್ಬಿನ ಸೀಜನ್ ದೀಪಾವಳಿಯ ಆಸುಪಾಸು ಸುರುವಾಗಿ ಯುಗಾದಿ ಹೊತ್ತಿಗೆ ಮುಗಿಯುತ್ತದೆ. ಶಾಲೆ ಜೂನಿನಲ್ಲಿ ಸುರು, ಪರೀಕ್ಷೆ ಮಾರ್ಚ್‌ನಲ್ಲಿ. ಮಳೆಗಾಲದಲ್ಲಿ ಕಲಿತ ಕೂಸು ಚಳಿಗಾಲದಲ್ಲಿ ಟೋಳಿಯ ಜೊತೆ ಹೋಗುತ್ತದೆ, ತಮ್ಮ ತಂಗಿಯರನ್ನು ಬಗಲಲ್ಲಿ ಎತ್ತಿಕೊಂಡು. ಮುಕಾದಮನ ಮುಂಗಡ ಅಪ್ಪನ ಹೆಸರಿನಲ್ಲಿ, ದುಡಿಮೆ ಮನೆ ಮಂದಿಯೆಲ್ಲರದು. ಮಾಸ್ತರರು ಹಾಜರಿ ಪುಸ್ತಕದಲ್ಲಿ "ಗೈರು" ಅಂತ ಬರೆದರು. ಅಣ್ಣ ಆಗ ಹೊಲದಲ್ಲಿ ಹಾಜರಿದ್ದ. ಅವನು ಕಡಿದ ಕಬ್ಬಿನ ಸಕ್ಕರೆ ಊರ ಚಹಾಕ್ಕೂ ಹೋಯಿತು, ಕಚೇರಿಯ ಚಹಾಕ್ಕೂ ಹೋಯಿತು. ಆ ಹಾಜರಿಗೆ ಮಾತ್ರ ಯಾರೂ ಪುಸ್ತಕ ಇಡಲಿಲ್ಲ.

ಇನ್ನು ಕಾನೂನಿನ ಮಾತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೇ ಕಲಮು ಏನು ಹೇಳಿತ್ತು? ಹತ್ತು ವರ್ಷದೊಳಗೆ 14 ವರ್ಷದ ತನಕದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರಕಾರ ಯತ್ನಿಸಬೇಕು ಎಂದು. ಲೆಕ್ಕ ಹಾಕಿ, 1960. ಆ 1960 ನಮ್ಮ ಅಜ್ಜನ ಮುಂದೆ ಹಾದುಹೋಯಿತು, ಕೇರಿಯೊಳಗೆ ಬರಲಿಲ್ಲ. ಶಿಕ್ಷಣ ಮೂಲಭೂತ ಹಕ್ಕಾಗಲು 2002ರ 86ನೇ ತಿದ್ದುಪಡಿ ಬೇಕಾಯಿತು. ಹಕ್ಕಿನ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದೂ 6ರಿಂದ 14 ವರ್ಷದವರಿಗೆ. ಅಷ್ಟೊತ್ತಿಗೆ ಅಣ್ಣನಿಗೆ 14 ದಾಟಿತ್ತು. ಅಜ್ಜನಿಗೆ ತಪ್ಪಿತು, ಅಪ್ಪನಿಗೆ ತಪ್ಪಿತು, ಅಣ್ಣನ ಪಾಲಿಗೆ ತಡವಾಗಿ ಬಂತು. ಮೂರು ತಲೆಮಾರಿಗೆ ಬಾಕಿ ಉಳಿಸಿಕೊಂಡವರು ಈಗ ಸಾಲ ಕೇಳಲು ಬಂದವನಿಗೆ "ವಯಸ್ಸಾತಲ್ಲೋ" ಅನ್ನುತ್ತಾರೆ!

ದೊಡ್ಡವರಿಗೆ ಏನೂ ಕೊಟ್ಟಿಲ್ಲವೇ ಅಂದರೆ, ಕೊಟ್ಟಿದ್ದಾರೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು. 1988ರಲ್ಲಿ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ, 2022ರಲ್ಲಿ ನವ ಭಾರತ ಸಾಕ್ಷರತಾ ಕಾರ್ಯಕ್ರಮ. ಹೆಸರು ಬದಲಾಯಿತು, ಬ್ಯಾನರ್ ಬದಲಾಯಿತು. ನಮ್ಮ ಅವ್ವನೂ ಒಂದು ಕಂದೀಲಿನ ಬೆಳಕಿನಲ್ಲಿ ಸಹಿ ಕಲಿತಳು. ಕಲಿಸಿದ ಹುಡುಗಿಗೆ ನಾವು ಇಂದಿಗೂ ಋಣಿ. ಆದರೆ ಆ ಸಹಿಯಿಂದ ಅವ್ವ ಮೊದಲು ಮಾಡಿದ್ದೇನು? ಸಾಲದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಸಹಿ ಹಾಕಿದಳು. ಕಾಗದದಲ್ಲಿ ಏನು ಬರೆದಿದೆ ಅಂತ ಓದುವಷ್ಟು ಕಲಿಸುವ ಮೊದಲೇ ಕಂದೀಲು ಆರಿತ್ತು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36. ಪರಿಶಿಷ್ಟ ಜಾತಿಗಳದ್ದು 65.33. ಈ ಹತ್ತರ ಅಂತರ ಒಂದು ಕಡೆ ಇರಲಿ. ಆ 65ರೊಳಗೆ ಬರೀ ಸಹಿಯವರು ಎಷ್ಟು, ಸರ್ಟಿಫಿಕೇಟಿನವರು ಎಷ್ಟು ಅಂತ ಕೇಳಿ ನೋಡಿ. ಸಹಿ ಕಲಿಸಿ ಕೈ ತೊಳೆದುಕೊಳ್ಳುವುದನ್ನು ಶಿಕ್ಷಣ ಎಂದು ಕರೆಯಲು ನಾವು ತಯಾರಿಲ್ಲ.

"ಜ್ಞಾನ ಮುಖ್ಯ, ಕಾಗದ ಯಾಕೆ?" ಅಂತ ಉಪದೇಶ ಮಾಡುವ ಹೊಟ್ಟೆ ತುಂಬಿದವರು ಇದ್ದಾರೆ. ಅವರ ಮನೆಯ ಗೋಡೆಯ ಮೇಲೆ ಪದವಿಯ ಕಾಗದ ಫ್ರೇಮ್ ಹಾಕಿಸಿ ತೂಗುಬಿಟ್ಟಿರುತ್ತಾರೆ. ಕಾಗದ ಯಾಕೆ ಬೇಕು ಎಂದರೆ ಕೇಳಿ: ಅಂಗನವಾಡಿ ಸಹಾಯಕಿ ಆಗಲು ಎಸ್ಸೆಸ್ಸೆಲ್ಸಿ ಬೇಕು, ಕಾರ್ಯಕರ್ತೆ ಆಗಲು ಪಿಯುಸಿ ಬೇಕು. ಹತ್ತು ಮಕ್ಕಳನ್ನು ಸಾಕಿದ ನಮ್ಮ ಅತ್ತಿಗೆಗೆ ಮಕ್ಕಳನ್ನು ನೋಡಿಕೊಳ್ಳುವ ಅರ್ಹತೆ ಇಲ್ಲ! 2019ರಲ್ಲಿ ನಿಯಮ ತೆಗೆಯುವ ತನಕ ಲಾರಿ ಓಡಿಸುವ ಲೈಸೆನ್ಸಿಗೂ ಎಂಟನೇ ಇಯತ್ತೆ ಪಾಸಾಗಿರಬೇಕಿತ್ತು. ಹರಿಯಾಣದಲ್ಲಿ 2015ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಂಚಾಯಿತಿ ಚುನಾವಣೆಗೆ ನಿಲ್ಲಲು ಶಾಲೆಯ ಸರ್ಟಿಫಿಕೇಟು ಬೇಕೆಂದು ಕಾನೂನು ಮಾಡಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಾಲೆಯ ಬಾಗಿಲು ಹಾಕಿದ ಸಮಾಜವೇ ಶಾಲೆಯ ಚೀಟಿ ತೋರಿಸು ಎನ್ನುತ್ತದೆ. ಮುಂದೆ ನಮ್ಮ ರಾಜ್ಯದಲ್ಲೂ ಯಾರಾದರೂ ಈ ಯೋಚನೆ ಮಾಡಿದರೆ? ಕೊಯ್ತಾ ಹಿಡಿದ ಕೈ ಓಟು ಹಾಕಬಹುದು, ಓಟು ಕೇಳಬಾರದು ಅಂದರೆ? ನಮ್ಮ ಕುಡಚಿ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಓಟು ಕೇಳಲು ಯಾವ ಪಕ್ಷದವರೇ ಬರಲಿ, ಕೇರಿಯಲ್ಲಿ ಹತ್ತನೇ ಪಾಸಾಗದ ದೊಡ್ಡವರು ಎಷ್ಟು ಮಂದಿ, ಅವರಿಗೆ ಏನು ಮಾಡುತ್ತೀರಿ ಅಂತ ನಾವು ಕೇಳಬೇಕು.

ಬಾಗಿಲು ಪೂರಾ ಮುಚ್ಚಿಲ್ಲ ಗೆಳೆಯರೇ. ಕಿಂಡಿಗಳಿವೆ. ಕಿಂಡಿ ಎಲ್ಲಿದೆ ಅಂತ ಕೇರಿಗೆ ತಿಳಿದಿಲ್ಲ, ಅಷ್ಟೇ. 1989ರಲ್ಲಿ ಸುರುವಾದ ರಾಷ್ಟ್ರೀಯ ಮುಕ್ತ ಶಾಲೆ ಇಂದು ಎನ್‌ಐಒಎಸ್ ಎಂಬ ಹೆಸರಿನಲ್ಲಿದೆ. ಅಲ್ಲಿ ಹತ್ತನೇ ತರಗತಿಗೆ ಹೆಸರು ಹಚ್ಚಲು 14 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಹಿಂದಿನ ಶಾಲೆಯ ಕಾಗದ ಇಲ್ಲದಿದ್ದರೆ, ಓದಿ ಬರೆಯಲು ಬರುತ್ತದೆ ಎಂದು ತಾನೇ ಬರೆದುಕೊಟ್ಟರೆ ಸಾಕು. ವಯಸ್ಸಿಗೆ ಮಾತ್ರ ದಾಖಲೆ ಬೇಕು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಐದು ವರ್ಷದ ಅವಧಿ, ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶ. ಪಾಸಾದ ವಿಷಯ ಪಾಸೇ, ಮತ್ತೆ ಬರೆಯಬೇಕಿಲ್ಲ. ನಮ್ಮ ರಾಜ್ಯದ ಮಂಡಳಿಯ ಎಸ್ಸೆಸ್ಸೆಲ್ಸಿಗೂ ಖಾಸಗಿಯಾಗಿ ಕಟ್ಟುವ ದಾರಿ ಇದೆ.

ಈ ಮಾತು ಕೇರಿಗೆ ಯಾರು ಹೇಳಬೇಕಿತ್ತು? ಇಲಾಖೆ ಹೇಳಲಿಲ್ಲ, ನಾವೂ ಹೇಳಲಿಲ್ಲ. ಹೇಳಿದವರು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಚೀಟಿ ಅಂಟಿಸುವವರು. "ನೇರ ಎಸ್ಸೆಸ್ಸೆಲ್ಸಿ, ನೇರ ಡಿಗ್ರಿ, ಫೇಲಾದವರೂ ಬನ್ನಿ." ದುಡ್ಡು ಇಸಿದುಕೊಂಡು ಹೆಸರು ಕೇಳದ ಬೋರ್ಡಿನ ಸರ್ಟಿಫಿಕೇಟು ಕೊಡುತ್ತಾರೆ. ನೌಕರಿಗೆ ಹೋದಾಗ ಅದು ರದ್ದಿ. ನೇರ ಡಿಗ್ರಿಯ ಕಥೆಯನ್ನೂ ತಿಳಿದುಕೊಳ್ಳಿ. 1985ರ ಯುಜಿಸಿ ನಿಯಮದಲ್ಲಿ, ಶಾಲೆಯ ದಾಖಲೆ ಇಲ್ಲದಿದ್ದರೂ 21 ವರ್ಷ ತುಂಬಿದವರು ಪ್ರವೇಶ ಪರೀಕ್ಷೆ ಬರೆದು ದೂರಶಿಕ್ಷಣದ ಪದವಿಗೆ ಸೇರಲು ಅವಕಾಶವಿತ್ತು. ಒಳ್ಳೆಯ ಮಾತು. ಆದರೆ ಹಾಗೆ ಹತ್ತನೇದು, ಹನ್ನೆರಡನೇದು ದಾಟಿ ಹಾರಿದವರ ಪದವಿಯನ್ನು ನೌಕರಿಯ ಬಾಗಿಲಲ್ಲಿ ಪ್ರಶ್ನೆ ಮಾಡಿದರು. 1996ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಯುಜಿಸಿ ಮಾನ್ಯತೆ ಇಲ್ಲದಾಯಿತು. 2018ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳ ಪೆಟ್ಟು ಯಾರಿಗೆ? ಹಗಲು ದುಡಿದು ರಾತ್ರಿ ಓದಿದವರಿಗೆ. ಆದ್ದರಿಂದ ಕೇರಿಗೆ ಹೋಗಿ ಹೇಳಿ: ಮೆಟ್ಟಿಲು ಹಾರಬ್ಯಾಡ್ರಿ. ಮೊದಲು ಹತ್ತನೇದು, ಆಮೇಲೆ ಹನ್ನೆರಡನೇದು, ಆಮೇಲೆ ಪದವಿ. ಹಣ ಕಟ್ಟುವ ಮೊದಲು ಮಾನ್ಯತೆ ಕೇಳಿ.

ಇದು ಹೊಸ ಹುಚ್ಚಲ್ಲ. ಜೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿ 1855ರಲ್ಲೇ ಪುಣೆಯಲ್ಲಿ ಹಗಲೆಲ್ಲ ದುಡಿಯುವ ರೈತ ಕೂಲಿಕಾರರಿಗೆ ರಾತ್ರಿ ಶಾಲೆ ತೆರೆದರು. ಆ ದೊಡ್ಡವರಿಗೆ "ಈ ವಯಸ್ಸಿನಲ್ಲಿ ಯಾಕೆ" ಅನ್ನಲಿಲ್ಲ. ಬಾಬಾಸಾಹೇಬರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಕಟ್ಟಿದಾಗ, ನೌಕರಿ ಮಾಡುವವರೂ ಓದಲಿ ಎಂದು ಬೆಳಿಗ್ಗೆಯೇ ತರಗತಿ ಇಡಿಸಿದರು. ಗಂಟೆ ಯಾರ ಅನುಕೂಲಕ್ಕೆ ಹೊಡೆಯಬೇಕು ಎನ್ನುವುದೂ ಜಾತಿಯ ಪ್ರಶ್ನೆ, ವರ್ಗದ ಪ್ರಶ್ನೆ ಎಂದು ಅವರಿಗೆ ಗೊತ್ತಿತ್ತು. ಅದೇ ಬಾಬಾಸಾಹೇಬರು 1925ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ನೂರು ವರ್ಷವಾಯಿತು. ನಿಪ್ಪಾಣಿಯಿಂದ ಕುಡಚಿಗೆ ಅಕ್ಷರ ಬರಲು ಇನ್ನೆಷ್ಟು ವರ್ಷ ಬೇಕು?

ಇಷ್ಟು ಹೊತ್ತು ಸರಕಾರವನ್ನು ಬೈದೆವು. ಈಗ ನಮ್ಮನ್ನು ನಾವು ಬೈದುಕೊಳ್ಳೋಣ.

ಅಣ್ಣ ಮುಕಾದಮನ ಹತ್ತಿರ ಎತ್ತಿದ ಮುಂಗಡದಲ್ಲಿ ನಮ್ಮ ಹಾಸ್ಟೆಲಿನ ಟ್ರಂಕು ಬಂತು. ಮೊದಲ ಚಪ್ಪಲಿ ಬಂತು. ಮನೆಯಿಂದ ಒಬ್ಬರು ಓದಬೇಕೆಂದರೆ ಇನ್ನೊಬ್ಬರು ಕಡಿಯಬೇಕು ಎಂಬ ಲೆಕ್ಕದಲ್ಲಿ ನಾವು ಓದಿದೆವು, ಅವನು ಕಡಿದ. ಒಂದು ಭಾನುವಾರ ರೊಟ್ಟಿ ಗಂಟು ಹಿಡಿದು ಹಾಸ್ಟೆಲಿನ ಗೇಟಿಗೆ ಬಂದಾಗ, ಯಾರು ಅಂತ ಕೇಳಿದ ಗೆಳೆಯರಿಗೆ "ನಮ್ಮೂರವರು" ಅಂದೆವು. ಅಣ್ಣ ಅನ್ನಲಿಲ್ಲ. ಬಿ.ಎ. ಮುಗಿಸಿದೆವು. ಅಕ್ಷರದ ಮೇಲೆ, ಬೆಂಕಿಯ ಮೇಲೆ, ಬೆವರಿನ ಮೇಲೆ ಪದ್ಯ ಬರೆದು ಸಭೆಯಲ್ಲಿ ಓದಿ ಚಪ್ಪಾಳೆ ಹೊಡೆಸಿಕೊಂಡೆವು. ಅಣ್ಣನಿಗೆ ಒಂದು ಅರ್ಜಿ ಬರೆದುಕೊಡಲು ನಮಗೆ ಆರು ವರ್ಷ ಬೇಕಾಯಿತು. ಮೇಲುಜಾತಿಯವರು ಏಣಿ ಎಳೆದುಕೊಂಡರು ಎಂದು ಭಾಷಣ ಮಾಡುವ ನಾವು, ಹತ್ತಿದ ಮೇಲೆ ಕೈ ಚಾಚಲಿಲ್ಲವಲ್ಲ, ಅದಕ್ಕೆ ಏನು ಹೆಸರು?

ಹಾಸ್ಟೆಲು ನಮ್ಮದಲ್ಲ ಗೆಳೆಯರೇ. ಓದಲಾಗದೆ ಉಳಿದವರು ನಮ್ಮ ಕೈಯಲ್ಲಿ ಇಟ್ಟ ಠೇವಣಿ ಅದು.

ಆದ್ದರಿಂದ ಸರಕಾರಕ್ಕೆ ನಮ್ಮ ಬೇಡಿಕೆ ಇವು:

ಒಂದು, ಹೊಳಿ ಒಯ್ದ, ಶಾಲೆ ಕಳೆದ ದಾಖಲೆಗೆ ಬದಲು ಅಭ್ಯರ್ಥಿಯ ಪ್ರಮಾಣಪತ್ರ ಒಪ್ಪಬೇಕು. ರಜಿಸ್ಟರ್ ಕಳೆದ ತಪ್ಪಿಗೆ ಕೂಲಿಕಾರ ದಂಡ ಕಟ್ಟಬಾರದು.

ಎರಡು, ದಲಿತ ಕೂಲಿಕಾರರ ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ ಪೂರಾ ಮನ್ನಾ ಆಗಬೇಕು.

ಮೂರು, ಹೋಬಳಿಗೊಂದು ಸಂಜೆಯ ಕಲಿಕಾ ಕೇಂದ್ರ ಬೇಕು. ತರಗತಿಗಳು ಕಬ್ಬಿನ ಸೀಜನ್ ಇಲ್ಲದ ಜೂನ್‌ನಿಂದ ಅಕ್ಟೋಬರ್ ತನಕ ನಡೆಯಬೇಕು. ಹೆಣ್ಣುಮಕ್ಕಳು ಕೂಸನ್ನು ಕರೆದುಕೊಂಡು ಬರುವಂತಿರಬೇಕು.

ನಾಲ್ಕು, ಪರಿಶಿಷ್ಟ ಜಾತಿ ವಿದ್ಯಾರ್ಥಿನಿಲಯಗಳ ಓದುವ ಕೋಣೆ ಸಂಜೆ ಹೊತ್ತು ಇವರಿಗೂ ತೆರೆದಿರಬೇಕು.

ಬೇಡಿಕೆ ಈಡೇರುವ ತನಕ ಕಾಯುವುದಿಲ್ಲ. ದಸರಾ ರಜೆಗೆ ಊರಿಗೆ ಹೋಗುವ ಪ್ರತಿ ಹಾಸ್ಟೆಲಿಗ ಒಬ್ಬರನ್ನು ಆರಿಸಿಕೊಳ್ಳಬೇಕು. ಅಕ್ಕ, ಅಣ್ಣ, ಅತ್ತಿಗೆ, ಪಕ್ಕದ ಮನೆಯ ಕಾಕಾ, ಯಾರಾದರೂ ಸರಿ. ಕೂತು ಅರ್ಜಿ ತುಂಬಬೇಕು. ನಿಮ್ಮ ಹಳೆಯ ಪುಸ್ತಕ ರದ್ದಿಗೆ ಹಾಕದೆ ಅವರಿಗೆ ಕೊಡಬೇಕು. ತಪ್ಪು ಓದಿದರೆ ನಗಬಾರದು. ಒಂದು ಸಲ ನಕ್ಕರೆ ಆ ಮನುಷ್ಯ ಮತ್ತೆ ಪುಸ್ತಕ ಮುಟ್ಟುವುದಿಲ್ಲ. ನಮ್ಮ ಮಾಸ್ತರರು ನಮ್ಮನ್ನು ನೋಡಿ ನಕ್ಕದ್ದು ನೆನಪಿದೆಯಲ್ಲ?

ಅಣ್ಣ ಈಗ ಮುಕ್ತ ಶಾಲೆಗೆ ಹೆಸರು ಹಚ್ಚಿದ್ದಾನೆ. ಅಲ್ಲಿ ಗಣಿತ ಕಡ್ಡಾಯವಲ್ಲ, ಬೇರೆ ವಿಷಯ ತಗೋ ಅಂದೆವು. ಕೇಳಲಿಲ್ಲ. "ಟನ್ನಿನ ಲೆಕ್ಕದಾಗ ಹತ್ತ ಹದಿನೈದ ವರ್ಷ ಮೋಸ ಮಾಡ್ಯಾರ. ನನಗ ಗಣಿತಾನ ಬೇಕು" ಅಂದ. ಮೊದಲ ಸಲ ಕನ್ನಡ ಪಾಸಾಯಿತು, ಗಣಿತ ಹೋಯಿತು. ಇನ್ನೂ ಎಂಟು ಸಲ ಬರೆಯಬಹುದು. ರಾತ್ರಿ ಕರೆಂಟು ಇದ್ದಾಗ ನಾವು ಹೇಳಿಕೊಡುತ್ತೇವೆ. ಈಗ ಯಾರಾದರೂ ಅವನು ಯಾರು ಅಂತ ಕೇಳಿದರೆ "ನಮ್ಮ ಅಣ್ಣ, ಹತ್ತನೇ ಇಯತ್ತೆ" ಅನ್ನುತ್ತೇವೆ.

ಜೈ ಭೀಮ್.