ಅಣ್ಣಂದಿರೇ ಮಾರಿದ ಜೋಸೆಫ

ಇಪ್ಪತ್ತು ಬೆಳ್ಳಿನಾಣ್ಯಕ್ಕೆ ಜೋಸೆಫನನ್ನು ಮಾರಿದವರು ಅವನ ಒಡಹುಟ್ಟಿದವರೇ. ಮಾನವ ಸಾಗಣೆಯ ಮಾತು ಬಂದಾಗ ನಾವು ಇದನ್ನು ಮರೆಯುತ್ತೇವೆ. 'ಅದೆಲ್ಲ ದೊಡ್ಡ ನಗರಗಳ ಪಿಡುಗು, ಸಮಾಜಸೇವಕರು ನೋಡಿಕೊಳ್ಳುತ್ತಾರೆ' ಎಂದು ಕೈತೊಳೆದುಕೊಳ್ಳುತ್ತೇವೆ. ಪಿಲಾತನೂ ಹೀಗೆಯೇ ಕೈತೊಳೆದನು.

ವಾಡಿ ಜಂಕ್ಷನ್ನಿನಲ್ಲಿ ಒಂದು ರಾತ್ರಿ ನಿಂತು ನೋಡಿರಿ. ತೊಗರಿ ರಾಶಿ ಮುಗಿದೊಡನೆ ಚಿಂಚೋಳಿ, ಸೇಡಂ, ಚಿತ್ತಾಪುರದ ತಾಂಡಾಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಶಹಾಬಾದದ ಹಾಸುಗಲ್ಲಿಗೂ ಸೇಡಂನ ಸಿಮೆಂಟಿಗೂ ಲೆಕ್ಕವಿದೆ, ರಸೀದಿಯಿದೆ. ಊರು ಬಿಟ್ಟ ಮನುಷ್ಯರ ಲೆಕ್ಕವನ್ನು ಇಟ್ಟವರಾರು? ಗುಳೆ ಅಪರಾಧವಲ್ಲ. ಆದರೆ ಮುಂಗಡ ಕೊಟ್ಟ ಮುಕಾದಮನು ಕೂಲಿ ಹಿಡಿದಿಟ್ಟು, ಮರಳುವ ದಾರಿ ಮುಚ್ಚಿದರೆ ಅದು ಜೀತ. 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಅಂಥ ಸಾಲವನ್ನೇ ರದ್ದುಪಡಿಸಿದೆ.

'ತಂದೆತಾಯಿಗಳೇ ಒಪ್ಪಿ ಕಳುಹಿಸಿದರಲ್ಲ?' ಎನ್ನುವವರಿದ್ದಾರೆ. ಶೋಷಣೆಗಾಗಿ ವಂಚನೆ, ಬೆದರಿಕೆ, ಆಮಿಷಗಳಿಂದ ಸಾಗಿಸಿದಲ್ಲಿ ಬಲಿಯಾದವರ ಒಪ್ಪಿಗೆ ಲೆಕ್ಕಕ್ಕೆ ಬಾರದೆಂದು 2013ರ ತಿದ್ದುಪಡಿ ಸಾರಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮೂ ಅದನ್ನೇ ಹೇಳುತ್ತದೆ. ಪಾಲಕರನ್ನು ಒಪ್ಪಿಸಲು ಕೊಟ್ಟ ಹಣವೂ ಆಮಿಷವೇ. ಹಸಿದವನ ಸಹಿಯನ್ನು ಸಮ್ಮತಿ ಎನ್ನಲಾಗದು.

ಗಡಿಯಾಚೆ, ಅಂದಿನ ಆಂಧ್ರಪ್ರದೇಶದಲ್ಲಿ, ಲಂಬಾಣಿ ತಾಂಡಾಗಳ ಹೆಣ್ಣುಶಿಶುಗಳು 'ದತ್ತು'ವಿನ ಹೆಸರಿನಲ್ಲಿ ಬಿಕರಿಯಾಗುತ್ತಿದ್ದುದು 1999 ಹಾಗೂ 2001ರಲ್ಲಿ ಬಯಲಾಯಿತು. ಆರೋಪ ಬಂದದ್ದು ಸೇವೆಯ ಫಲಕ ತೂಗುಹಾಕಿದ್ದ ಅನಾಥಾಲಯಗಳ ಮೇಲೆ. ಅದನ್ನು ಎತ್ತಿ ಹೇಳಿದವರಲ್ಲಿ ಸಾಮಾಜಿಕ ಕಾರ್ಯಕರ್ತರಿದ್ದರು. ಆದ್ದರಿಂದ ಸಮಾಜಸೇವಕರಿಗೂ ಒಂದು ಮಾತು: ಜಾಥಾ, ಭಿತ್ತಿಪತ್ರ, ಭಾವಚಿತ್ರಗಳಿಂದ ಯಾವ ಮಗುವೂ ಮನೆಗೆ ಮರಳದು. ತಾಂಡಾ ಬಿಟ್ಟವರ ಹೆಸರು ಬರೆದಿಡಬೇಕು; ಬಿಡುಗಡೆಯಾದವರಿಗೆ ಬಿಡುಗಡೆ ಪತ್ರವನ್ನೂ ಪುನರ್ವಸತಿಯನ್ನೂ ದೊರಕಿಸುವ ತನಕ ಕಚೇರಿಯ ಮೆಟ್ಟಿಲು ಹತ್ತಬೇಕು. ಬಿಡಿಸಿ ತಂದ ಹುಡುಗಿಯನ್ನು ಅದೇ ಸಾಲದ ಬಾಗಿಲಿಗೆ ಬಿಟ್ಟುಬಂದರೆ ಆಕೆ ಮತ್ತೆ ಮಾರಾಟವಾಗುತ್ತಾಳೆ.

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ಹದಿನಾಲ್ಕು ತುಂಬದ ಬಾಲೆಯನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. 'ಊಟ ಹಾಕುತ್ತೇವೆ, ಮಗಳಂತೆ ನೋಡಿಕೊಳ್ಳುತ್ತೇವೆ' ಎನ್ನುವ ಕುಟುಂಬವು ತನ್ನ ಸ್ವಂತ ಮಗಳನ್ನು ಶಾಲೆ ಬಿಡಿಸಿ ಪಾತ್ರೆ ತೊಳೆಯಲು ಕಳುಹಿಸೀತೇ? ಸ್ತ್ರೀಯರ, ಮಕ್ಕಳ ಮಾರಾಟವನ್ನು 1965ರಲ್ಲಿಯೇ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸೃಷ್ಟಿಕರ್ತನಿಗೆ ಎಸಗುವ ಅಪಮಾನವೆಂದು ಖಂಡಿಸಿತು. ಆ ಬೋಧನೆ ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುವುದಿಲ್ಲ.

ಬಾಲ್ಯದಲ್ಲಿಯೇ ಅಪಹೃತಳಾಗಿ ಹಲವು ಬಾರಿ ಮಾರಾಟವಾದ ಸುಡಾನಿನ ಸಂತ ಬಖಿತಾರ ಹಬ್ಬ ಫೆಬ್ರವರಿ 8. ಅಂದು ಮೇಣದಬತ್ತಿ ಹಚ್ಚೋಣ. ಅದಕ್ಕೂ ಮೊದಲು, ಕಾಣೆಯಾದ ಮಗುವಿನ ಸುದ್ದಿ ತಿಳಿದರೆ 1098ಕ್ಕೆ ಕರೆಮಾಡುವ ಧೈರ್ಯ ನಮ್ಮಲ್ಲಿದೆಯೇ ಎಂದು ಕೇಳಿಕೊಳ್ಳೋಣ. ನಿನ್ನ ತಮ್ಮನೆಲ್ಲಿ ಎಂದು ದೇವರು ಕೇಳಿದ್ದು ಸಮಾಜಸೇವಕನನ್ನಲ್ಲ, ಅಣ್ಣನನ್ನು.