ಮನೆಯಲ್ಲಿ ಏನಾದರೂ ತೊಂದರೆಯೇ?

ಮಧ್ಯಾಹ್ನ ಮೂರು ಗಂಟೆಗೆ ಹೆಂಗಸೊಬ್ಬಳು ಖಾಲಿ ಚರ್ಚಿನಲ್ಲಿ ಒಬ್ಬಳೇ ಕೂತಿದ್ದರೆ ನಮ್ಮ ವಿರಾಜಪೇಟೆಯಲ್ಲಿ ಅದಕ್ಕೆ ಒಂದೇ ಅರ್ಥ. ಅವಳ ಮನೆಯಲ್ಲಿ ಏನೋ ತೊಂದರೆಯಿದೆ. ಗಂಡ ಕುಡಿಯುತ್ತಾನೆ, ಇಲ್ಲವೇ ಮಗಳಿಗೆ ಗಂಡು ಸಿಕ್ಕಿಲ್ಲ, ಇಲ್ಲವೇ ಆಸ್ಪತ್ರೆಯಿಂದ ಕೆಟ್ಟ ರಿಪೋರ್ಟು ಬಂದಿದೆ. ಶಾಲೆ ಬೇಗ ಬಿಟ್ಟ ದಿನ ನಾನು ಸಂತ ಅನ್ನಮ್ಮನವರ ದೇವಾಲಯದ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಬರುವುದುಂಟು. ಕೈಯಲ್ಲಿ ಜಪಸರವಿರುವುದಿಲ್ಲ, ಪ್ರಾರ್ಥನೆಯ ಪುಸ್ತಕವಿರುವುದಿಲ್ಲ, ಬೇಡುವುದಕ್ಕೂ ವಿಶೇಷವೇನೂ ಇರುವುದಿಲ್ಲ. ದೇವರೆದುರು ಸುಮ್ಮನೆ ಕೂತಿರುತ್ತೇನೆ, ಅಷ್ಟೆ. ಇಷ್ಟು ವರ್ಷಗಳಲ್ಲಿ ಎಷ್ಟು ಜನ ಮೆಲ್ಲಗೆ ಬಂದು ಹೆಗಲ ಮೇಲೆ ಕೈಯಿಟ್ಟು, "ಟೀಚರೇ, ಮನೆಯಲ್ಲಿ ಏನಾದರೂ ತೊಂದರೆಯೇ?" ಎಂದು ಕೇಳಿದ್ದಾರೋ ಲೆಕ್ಕವಿಟ್ಟಿಲ್ಲ. ಒಮ್ಮೆ ಬೇಸತ್ತು, "ಹೌದು, ನೆಂಟರು ಜಾಸ್ತಿ" ಅಂದೆ. ಅವರು ಅದನ್ನು ನಂಬಿ ನಿಟ್ಟುಸಿರುಬಿಟ್ಟು ಹೋದರು.

ಅದೇ ಒಬ್ಬ ಗಂಡಸು ತಲಕಾವೇರಿಯಲ್ಲಿ ಮಂಜು ನೋಡುತ್ತ ಒಬ್ಬನೇ ಕೂತಿರಲಿ, "ಎಂಥ ದೈವಭಕ್ತ" ಎನ್ನುತ್ತಾರೆ. ಹೆಂಡತಿಯೊಡನೆ ಜಗಳವಾಡಿ ಬಂದಿರಬಹುದೆಂಬ ಅನುಮಾನ ಒಬ್ಬರಿಗೂ ಬರುವುದಿಲ್ಲ.

ಈ ಮಾತನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಹೋದ ವರ್ಷ ಮಳೆ ಹಿಡಿದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆತಾಯಿ ಮನೆಗೆ ಬಂದರು. ಹುಡುಗಿ ಬಿ.ಕಾಂ. ಮುಗಿಸಿ ಮೈಸೂರಿನಲ್ಲಿ ಕೆಲಸದಲ್ಲಿದ್ದಳು, ವಯಸ್ಸು ಇಪ್ಪತ್ನಾಲ್ಕು. ಕೆಲಸ ಬಿಟ್ಟು ಮಂಗಳೂರಿನ ಕಾರ್ಮೆಲ್ ಮಠ ಸೇರುತ್ತೇನೆ ಎಂದು ಹಟ ಹಿಡಿದಿದ್ದಳು. ಶಾಲೆ, ಆಸ್ಪತ್ರೆ ನಡೆಸುವ ಸಿಸ್ಟರುಗಳ ಕಾನ್ವೆಂಟಲ್ಲ, ಒಳಗೆ ಹೋದವರು ಹೊರಗೆ ಬಾರದ, ಸಂದರ್ಶಕರೊಡನೆ ಜಾಲರಿಯ ಆಚೆಯಿಂದ ಮಾತಾಡುವ ಮಠ.

"ಸಿಸ್ಟರ್ ಆಗುವುದಕ್ಕೆ ನಮ್ಮ ಅಡ್ಡಿಯಿಲ್ಲ ಟೀಚರೇ," ಎಂದರು ತಂದೆ. "ಪಾಠ ಹೇಳಲಿ, ನರ್ಸಿಂಗ್ ಮಾಡಲಿ, ನಾಲ್ಕು ಜನಕ್ಕೆ ಉಪಯೋಗವಾಗಲಿ. ಗೋಡೆಯೊಳಗೆ ಕೂತರೆ ಯಾರಿಗೆ ಏನು ಬಂತು? ನೀವು ಹೇಳಿದರೆ ಕೇಳುತ್ತಾಳೆ." ತಾಯಿ ಏನೂ ಹೇಳಲಿಲ್ಲ. ಒದ್ದೆ ಕೊಡೆಯನ್ನು ಎಲ್ಲಿಡಲಿ ಎಂದು ನೋಡುತ್ತ ಕೂತಿದ್ದರು.

ನಾನು ಹೇಳಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ರಾತ್ರಿಯೇ ಹುಡುಗಿಗೆ ಫೋನ್ ಮಾಡಿ, "ನೀನು ಕಲಿತದ್ದು ವ್ಯರ್ಥವಾಗಬಾರದಲ್ಲ ಮಗಾ, ಶಾಲೆ ನಡೆಸುವ ಸಭೆಗೆ ಸೇರು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ಒಂಬತ್ತನೇ ಕ್ಲಾಸಿನಲ್ಲಿ ಅಕ್ಕಮಹಾದೇವಿಯ ಪಾಠ ಮಾಡಿದವರು ನೀವೇ ಅಲ್ಲವಾ?" ಎಂದಳು.

ಮೂವತ್ತು ವರ್ಷ ಕನ್ನಡ ಮೇಡಮ್ಮಾಗಿದ್ದವಳ ಬಾಯಿ ಒಂದೇ ಮಾತಿಗೆ ಕಟ್ಟಿತು. ಉಡುತಡಿಯ ಹುಡುಗಿ ಅರಸನನ್ನೂ ಅರಮನೆಯನ್ನೂ ಬಿಟ್ಟು ಕಲ್ಯಾಣಕ್ಕೆ ಹೋದದ್ದು, ಅಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಎದುರಾಗಿ ನಿಂತದ್ದು, ಕೊನೆಗೆ ಅಷ್ಟು ದೊಡ್ಡ ಶರಣರ ಬಳಗವನ್ನೂ ಬಿಟ್ಟು ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದದ್ದು, ಇದನ್ನೆಲ್ಲ ನಾನು ಎಷ್ಟು ರಸವತ್ತಾಗಿ ಹೇಳುತ್ತಿದ್ದೆ! ಅಕ್ಕ ಕದಳಿಯಲ್ಲಿ ಯಾರಿಗೆ ಉಪಯೋಗವಾದಳು ಎಂದು ಪರೀಕ್ಷೆಯಲ್ಲಿ ನಾವು ಪ್ರಶ್ನೆ ಕೇಳುವುದಿಲ್ಲ. ಎಂಟುನೂರು ವರ್ಷ ಹಿಂದಿನವಳಾದರೆ ಪಠ್ಯಪುಸ್ತಕ, ಪಕ್ಕದ ಮನೆಯವಳಾದರೆ ಬುದ್ಧಿವಾದ.

ಈ 'ಉಪಯೋಗ' ಎಂಬ ಮಾತಿನ ಮೇಲೆಯೇ ನನ್ನ ಸಿಟ್ಟು. ನಮ್ಮವರು ಹೆಣ್ಣಿನ ಭಕ್ತಿಯನ್ನು ಎಂದೂ ಬೇಡವೆಂದವರಲ್ಲ. ಆದರೆ ಅದು ಯಾರಿಗಾದರೂ ಕೆಲಸಕ್ಕೆ ಬರಬೇಕು. ಹಬ್ಬಕ್ಕೆ ಪೀಠ ಅಲಂಕರಿಸಬೇಕು, ಸ್ವರಮಂಡಳಿಯಲ್ಲಿ ಹಾಡಬೇಕು, ಗಂಡನ ಕುಡಿತ ಬಿಡಿಸಬೇಕು, ಮಕ್ಕಳನ್ನು ಪಾಸು ಮಾಡಿಸಬೇಕು. ಮಾರ್ತಾ ಮರಿಯರ ಕತೆಯನ್ನು ಪ್ರತಿ ವರ್ಷ ಪ್ರವಚನದಲ್ಲಿ ಕೇಳುತ್ತೇವೆ. ಅಕ್ಕ ಅಡುಗೆಮನೆಯಲ್ಲಿ ಒದ್ದಾಡುತ್ತಾಳೆ, ತಂಗಿ ಯೇಸುಸ್ವಾಮಿಯ ಪಾದದ ಬಳಿ ಕೂತು ಕೇಳುತ್ತಾಳೆ, ಸ್ವಾಮಿ ತಂಗಿಯ ಪರ ನಿಲ್ಲುತ್ತಾನೆ. ಪೂಜೆ ಮುಗಿದ ಮೇಲೆ ಸಭಾಭವನದಲ್ಲಿ ಊಟ ಬಡಿಸುವವರು ಯಾರು? ನಾವೇ. ಕೂತ ಮರಿಯಳನ್ನು ಹೊಗಳುತ್ತ ಮಾರ್ತಾಳ ಕೈಗೆ ಸೌಟು ಕೊಡುವ ಜಾಣತನ ಎರಡು ಸಾವಿರ ವರ್ಷದಿಂದ ನಡೆದುಬಂದಿದೆ.

ಮಂಗಳೂರಿನ ಆ ಮಠದ ಕತೆಯನ್ನೇ ನೋಡಿ. ನಾನು ಆಮೇಲೆ ಹುಡುಕಿ ಓದಿದ್ದು. 1870ರಲ್ಲಿ ಫ್ರಾನ್ಸಿನಿಂದ ಎರಡು ಬಗೆಯ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿಗೆ ಬಂದರು. ಒಂದು ಬಗೆಯವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಕಟ್ಟಿದವರು ಅವರೇ. ಅವರ ಹೆಸರು ಹೇಳಿದರೆ ಕರಾವಳಿಯಲ್ಲಿ ಕೈಮುಗಿಯದವರಿಲ್ಲ, ನಾನೂ ಮುಗಿಯುತ್ತೇನೆ. ಇನ್ನೊಂದು ಬಗೆಯವರು ಬಾಗಿಲು ಹಾಕಿಕೊಂಡು ಮೌನದಲ್ಲಿ ಕೂತರು. ಅವರ ಸುದ್ದಿಯನ್ನು ನಾವು ಎತ್ತುವುದಿಲ್ಲ.

ಬಾಗಿಲು ಹಾಕಿಕೊಂಡವರ ಜೊತೆ ಇಪ್ಪತ್ನಾಲ್ಕರ ಒಬ್ಬ ಅರಬ್ ಹುಡುಗಿ ಬಂದಿದ್ದಳು. ಹೆಸರು ಮರಿಯಮ್ ಬವಾರ್ದಿ. (ನನ್ನ ವಿದ್ಯಾರ್ಥಿನಿಗೂ ಅದೇ ವಯಸ್ಸೆಂದು ಆಮೇಲೆ ಹೊಳೆಯಿತು.) ನಜರೇತಿನ ಹತ್ತಿರದ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದವಳು. ಎಳವೆಯಲ್ಲೇ ತಂದೆತಾಯಿ ತೀರಿಕೊಂಡರು. ಚಿಕ್ಕಪ್ಪ ಗೊತ್ತುಮಾಡಿದ ಮದುವೆಯನ್ನು ಒಲ್ಲೆನೆಂದಳು. ಅಲೆಕ್ಸಾಂಡ್ರಿಯ, ಜೆರೂಸಲೇಮ್, ಬೈರೂತ್, ಮಾರ್ಸೇಲ್ಸ್ ಎಂದು ಊರೂರಲ್ಲಿ ಮನೆಗೆಲಸ ಮಾಡಿ ಬದುಕಿದಳು. ಒಂದು ಸಭೆ ಸೇರಿಸಿಕೊಂಡು ಆಮೇಲೆ ಬೇಡವೆಂದು ಕಳಿಸಿತು. 1867ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಅವಳನ್ನು ತೆಗೆದುಕೊಂಡಿತು. ಓದುಬರಹ ಅಷ್ಟಕ್ಕಷ್ಟೆ. ಮಂಗಳೂರಿಗೆ ಹೊರಟ ಗುಂಪಿನಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಬದುಕಿ ಬಂದ ಇವಳ ಪಾಲಿಗೆ ಮಠದ ಭಾರದ ಕೆಲಸಗಳು ಬಂದವು. ಆ ಕೆಲಸದ ನಡುವೆಯೇ ಮೈಮರೆಯುತ್ತಿದ್ದಳಂತೆ. ಅಡುಗೆಮನೆಯಲ್ಲಿ ಅವಳ ಮುಖ ಬೆಳಗುತ್ತಿದ್ದುದನ್ನು ಜೊತೆಯವರು ನೋಡಿದ್ದಾರೆ. ಇಂಥದ್ದನ್ನು ನಾವು ಕನ್ನಡದಲ್ಲಿ ಅನುಭಾವ ಎನ್ನುತ್ತೇವೆ. ಒಳ್ಳೆಯ ಮಾತು, ಅನುಭವಕ್ಕಿಂತ ಒಂದೇ ಅಕ್ಷರ ದೀರ್ಘ.

1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಅವಳು ವ್ರತ ತೊಟ್ಟಳು. ಮರುವರ್ಷವೇ ವಾಪಸು ಕಳಿಸಿಬಿಟ್ಟರು. ಅವಳಿಗೆ ಆಗುತ್ತಿದ್ದದ್ದು ನಿಜವೇ, ಭ್ರಮೆಯೇ ಎಂದು ಮೇಲಿನವರಿಗೆ ಸಂಶಯ. ಪೋಗೆ ಮರಳಿದಳು, 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಒಂದು ಕಾರ್ಮೆಲ್ ಕಟ್ಟಿಸಿದಳು. ಕಟ್ಟಡದ ಕೂಲಿಗಳಿಗೆ ನೀರು ಹೊತ್ತುಕೊಂಡು ಹೋಗುವಾಗ ಬಿದ್ದು ಕೈ ಮುರಿದು, ಅದು ಕೊಳೆತು 1878ರ ಆಗಸ್ಟಿನಲ್ಲಿ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಸಾರಿದರು. ನಮ್ಮೂರಿನಿಂದ ಸಾಗಹಾಕಿ ನೂರನಲವತ್ತಮೂರು ವರ್ಷದ ಮೇಲೆ! ಈಗ "ನಮ್ಮ ಮಂಗಳೂರಿನಲ್ಲಿದ್ದ ಸಂತಳು" ಎಂದು ಹೆಮ್ಮೆಪಡುತ್ತೇವೆ.

ಮಠದವರು ಪರೀಕ್ಷಿಸಬಾರದಿತ್ತು ಎನ್ನುವುದಿಲ್ಲ. ಕಣ್ಣು ಮುಚ್ಚಿದವರೆಲ್ಲ ಅನುಭಾವಿಗಳಲ್ಲ, ಇದು ಎಲ್ಲ ಧರ್ಮದವರಿಗೂ ಗೊತ್ತು. ಆದರೆ ಪರೀಕ್ಷೆಯೇ ಬೇರೆ, ನಂಬಲಾಗದ ಹಟವೇ ಬೇರೆ. ಸ್ಪೇನಿನ ತೆರೇಸಮ್ಮನವರ ಆತ್ಮಕತೆಯ ಹಸ್ತಪ್ರತಿ ಧರ್ಮವಿಚಾರಣೆಯವರ ಕೈಯಲ್ಲಿ ವರ್ಷಗಟ್ಟಲೆ ಇತ್ತು. ಅದೇ ತೆರೇಸಮ್ಮನಿಗೆ 1970ರಲ್ಲಿ 'ಧರ್ಮಸಭೆಯ ಪಂಡಿತೆ' ಎಂಬ ಬಿರುದು ಬಂತು, ಹೆಂಗಸರಲ್ಲಿ ಮೊದಲನೆಯದು. ಬೇಡವೆನ್ನುವುದಿಲ್ಲ, ಆದರೆ ತೀರಿಕೊಂಡು ಸುಮಾರು ನಾಲ್ಕುನೂರು ವರ್ಷವಾಗಿತ್ತು.

ನಮ್ಮ ಕೊಡಗಿನಲ್ಲೇ ನೋಡಿ. ಇಲ್ಲಿನ ಕ್ರೈಸ್ತ ಹೆಣ್ಣು ಎಂದರೆ ಇತಿಹಾಸದವರು ಎತ್ತುವ ಹೆಸರು ರಾಜಕುಮಾರಿ ಗೌರಮ್ಮ, ಪದಚ್ಯುತನಾದ ಚಿಕ್ಕವೀರರಾಜೇಂದ್ರನ ಮಗಳು. 1852ರಲ್ಲಿ ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಮಗುವಿಗೆ ಜ್ಞಾನಸ್ನಾನವಾಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ನಾನ ಮಾಡಿಸಿದರು, ವಿಕ್ಟೋರಿಯ ರಾಣಿಯೇ ಜ್ಞಾನತಾಯಿ. ಅಪ್ಪನಿಗೆ ಅದರಿಂದ ಒಂದು ಲೆಕ್ಕವಿತ್ತು, ಸಾಮ್ರಾಜ್ಯಕ್ಕೆ ಇನ್ನೊಂದು ಲೆಕ್ಕ. 1864ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ಆಕೆ ತೀರಿಕೊಂಡಳು. ಎಲ್ಲರಿಗೂ ಉಪಯೋಗಕ್ಕೆ ಬಂದ ಆ ವಿಶ್ವಾಸದಲ್ಲಿ ಮಗುವಿನದೆನ್ನುವುದು ಎಷ್ಟಿತ್ತೋ, ಕೇಳಿದವರುಂಟೇ?

ನಮ್ಮ ಜನರ ಭಯ ನನಗೆ ಅರ್ಥವಾಗದೆ ಇಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ 1792ರಲ್ಲಿ ಇಲ್ಲಿ ಜಾಗ ಕೊಟ್ಟ. ನಮ್ಮ ಚರ್ಚಿನ ಮೂಲ ಅದೇ. ಹಾಗೆ ಬಂದವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಉಳಿದರು. ಗುಂಪಿನಲ್ಲಿ ಉಳಿದ ಧರ್ಮಕ್ಕೆ ಗುಂಪು ಬಿಟ್ಟು ಕೂತವರನ್ನು ಕಂಡರೆ ಹೆದರಿಕೆ ಸಹಜ. ಆದರೆ ಯೇಸುಸ್ವಾಮಿಯೇ ಜನರನ್ನು ಕಳಿಸಿಕೊಟ್ಟು ಬೆಟ್ಟಕ್ಕೆ ಒಬ್ಬನೇ ಹೋಗುತ್ತಿದ್ದನೆಂದು ಸುವಾರ್ತೆಯಲ್ಲಿ ಓದುವವರೂ ನಾವೇ.

ಇನ್ನೊಂದು ಆಕ್ಷೇಪಣೆಯನ್ನು ಮಾತ್ರ ತಳ್ಳಿಹಾಕಲಾರೆ. ವರದಕ್ಷಿಣೆ ಕೊಡಲಾರದೆ, ಮನೆಯ ಹೊರೆ ಇಳಿಯಲೆಂದು ಹೆಣ್ಣುಮಕ್ಕಳನ್ನು ಮಠಕ್ಕೆ ದಾಟಿಸಿದವರಿಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಇದ್ದಾರೆ. ಹಾಗೆ ಹೋದವಳೊಬ್ಬಳು ನನ್ನ ಬಳಗದಲ್ಲೇ ಇದ್ದಳು, ಅವಳ ಮುಖ ನೆನಪಿದೆ. ದೂಡಿ ಕಳಿಸುವುದೂ ತಡೆದು ನಿಲ್ಲಿಸುವುದೂ ಎರಡೂ ಒಂದೇ ಪಾಪ. ಎರಡರಲ್ಲೂ ಅವಳನ್ನು ಕೇಳಿರುವುದಿಲ್ಲ. ಈ ಹುಡುಗಿಯನ್ನು ಯಾರೂ ದೂಡಲಿಲ್ಲ. ಅಲ್ಲದೆ 2018ರಲ್ಲಿ ರೋಮಿನಿಂದ ಬಂದ ನಿಯಮದ ಪ್ರಕಾರ ಇಂಥ ಮಠ ಸೇರಿದವಳು ಕೊನೆಯ ವ್ರತಕ್ಕೆ ಮುಂಚೆ ಒಂಬತ್ತು ವರ್ಷವಾದರೂ ಕಲಿಕೆಯಲ್ಲಿರಬೇಕು. ನಾವು ಮದುವೆಗೆ ಎಷ್ಟು ದಿನ ಕೊಡುತ್ತೇವೆ? ಭಾನುವಾರ ನೋಡಿ ಹೋಗುತ್ತಾರೆ, ಬುಧವಾರ ಒಪ್ಪಿಗೆ.

ಸೋಮಾರಿಗಳ ಬದುಕು ಎನ್ನುವವರಿಗೂ ಒಂದು ಮಾತು. ಕಾರ್ಮೆಲಿನಲ್ಲಿ ನಸುಕಿಗೆ ಏಳಬೇಕು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನಪ್ರಾರ್ಥನೆ, ನಡುವೆ ಹೊತ್ತುಹೊತ್ತಿನ ಕೀರ್ತನೆಗಳು, ಉಳಿದ ಹೊತ್ತೆಲ್ಲ ಕೈಕೆಲಸ. ಎಷ್ಟೋ ಮಠಗಳಲ್ಲಿ ಪೂಜೆಯ ಓಸ್ತಿ ತಯಾರಿಸುತ್ತಾರೆ. ಮೊಬೈಲನ್ನು ಪಕ್ಕಕ್ಕಿಟ್ಟು ಐದು ನಿಮಿಷ ಮಾತಿಲ್ಲದೆ ಕೂರಲಾರದ ನಾವು ಅವರನ್ನು ಸೋಮಾರಿಗಳೆನ್ನಬೇಕೇ?

ನಾನು ಹುಡುಗಿಗೆ ಮತ್ತೆ ಫೋನ್ ಮಾಡಿ ತಪ್ಪಾಯಿತು ಎಂದೆ. ತಂದೆಯ ಹತ್ತಿರ ಒಂದೇ ಮಾತು ಕೇಳಿಕೊಂಡೆ. ಅವರು ಸಿಟ್ಟಿನಲ್ಲಿ "ಹೋದರೆ ಈ ಹೊಸ್ತಿಲು ತುಳಿಯಬೇಡ" ಅಂದಿದ್ದರು. "ಆ ಮಾತು ಹಿಂದಕ್ಕೆ ತೆಗೆದುಕೊಳ್ಳಿ. ಒಂಬತ್ತು ವರ್ಷದಲ್ಲಿ ಯಾವತ್ತು ಬೇಕಾದರೂ ಅವಳಿಗೆ ಇದು ತನ್ನ ದಾರಿಯಲ್ಲ ಅನ್ನಿಸಬಹುದು. ಹಿಂದೆ ಬಾಗಿಲು ಮುಚ್ಚಿಕೊಂಡರೆ ಅವಳು ಉಳಿದದ್ದು ದೇವರಿಗಾಗಿಯೋ ನಿಮ್ಮ ಹೆದರಿಕೆಗೋ ಅವಳಿಗೇ ತಿಳಿಯದು" ಎಂದೆ. ಅವರು ಉತ್ತರ ಕೊಡದೆ ಎದ್ದು ಹೋದರು. ಎರಡು ತಿಂಗಳು ಚರ್ಚಿನಲ್ಲಿ ನನ್ನನ್ನು ಕಂಡರೂ ಕಾಣದ ಹಾಗೆ ಇದ್ದರು.

ಹುಡುಗಿ ಅಕ್ಟೋಬರಿನಲ್ಲಿ ಹೋದಳು. ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ ಅವಳ ತಾಯಿ ನನ್ನನ್ನು ಕರೆದುಕೊಂಡು ಮಂಗಳೂರಿಗೆ ಹೊರಟರು. ಸಂಪಾಜೆ ಘಾಟಿ ಇಳಿಯುವವರೆಗೂ ಅವರು ಒಂದು ಮಾತಾಡಲಿಲ್ಲ. ಜಾಲರಿಯ ಆಚೆ ಹುಡುಗಿ ಬಂದು ಕೂತಾಗ ಮೊದಲು ಕೇಳಿದ್ದು, "ಊಟ ಸೇರುತ್ತದಾ?" ಅಂತ. ಸೇರುತ್ತದೆ ಎಂದಳು, ಸ್ವಲ್ಪ ಬಡವಾಗಿದ್ದಳು, ನಗುತ್ತಿದ್ದಳು. ಬರುವಾಗ ಬಸ್ಸಿನಲ್ಲಿ ತಾಯಿ ಹೇಳಿದರು: "ಇವರು ಅವಳ ಮಂಚ ಮಾರುತ್ತೇನೆ ಅಂದಿದ್ದರು ಟೀಚರೇ. ಈಗ ಆ ಮಾತೆತ್ತುವುದಿಲ್ಲ. ಮೊನ್ನೆ ತಾವೇ ಚಾದರ ಒಗೆದು ಹಾಸಿದ್ದಾರೆ."