ಆಸ್ಪತ್ರೆ ಸಂಬಳ: ಮೇಲಿನವರಿಗೆ ಸರ್ವೆ, ಕೆಳಗಿನವರಿಗೆ ‘ನೋಡೋಣ’

ಖಾನಾಪುರದಿಂದ ಬೆಳಗಾವಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಖಾಸಗಿ ಆಸ್ಪತ್ರೆ ನರ್ಸ್ ಒಬ್ಬರನ್ನು ಪಗಾರ ಎಷ್ಟು ಅಂತ ಕೇಳಿದೆ. ‘ಇಪ್ಪತ್ತು ಸಾವಿರದ ಸನೇಕನೂ ಇಲ್ರಿ. ಹೆಚ್ಚ ಕೇಳಿದ್ರ, ಬ್ಯಾರೆ ಕಡೆನೂ ಇಷ್ಟ ಐತಿ ಅಂತಾರ’ ಅಂದರು.

ಈ ‘ಬೇರೆ ಕಡೆ ಎಷ್ಟು’ ಎಂಬ ಹೋಲಿಕೆಗೇ ಕಾರ್ಪೊರೇಟ್ ಭಾಷೆಯಲ್ಲಿ ಬೆಂಚ್‌ಮಾರ್ಕಿಂಗ್ ಅನ್ನೋದು. ಆಸ್ಪತ್ರೆಯ ಹಣಕಾಸು ಮುಖ್ಯಸ್ಥರ ವಿಷಯದಲ್ಲಿ ಅದು ಉಲ್ಟಾ ಕೆಲಸ ಮಾಡುತ್ತೆ. ಸಂಬಳ ಸರ್ವೆಯಲ್ಲಿ ಅದೇ ಗಾತ್ರದ ಆಸ್ಪತ್ರೆಗಳ ಸಂಬಳ ಸಾಲಾಗಿ ಜೋಡಿಸಿ ನಡುವಿನ ಅಂಕಿ, ಅಂದರೆ ಮೀಡಿಯನ್, ತೆಗೆಯುತ್ತಾರೆ. ‘ನಮ್ಮವರೇನು ಕಡಿಮೆ?’ ಎಂದು ಪ್ರತಿ ಆಡಳಿತ ಮಂಡಳಿಯೂ ಅದಕ್ಕಿಂತ ಹೆಚ್ಚು ಕೊಡಲು ಹೊರಟರೆ, ಮುಂದಿನ ಸರ್ವೆಯಲ್ಲಿ ಮೀಡಿಯನ್ನೇ ಮೇಲೇರುತ್ತೆ. ಹೋಲಿಕೆಗೆ ಬೆಂಗಳೂರು, ಪುಣೆ ಆರಿಸಿಕೊಂಡರಂತೂ ಕೇಳೋದೇ ಬೇಡ.

ನರ್ಸ್‌ಗಳಿಗೂ ಅಳತೆಗೋಲು ಇದೆ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದಿತ್ತು. ಕೇರಳದ ನರ್ಸ್‌ಗಳು ಬೀದಿಗಿಳಿದು ಹೋರಾಡಿ, 2018ರಲ್ಲಿ 20,000 ಕನಿಷ್ಠ ವೇತನದ ಅಧಿಸೂಚನೆ ಪಡೆದರು.

ಷೇರುಪೇಟೆಯಲ್ಲಿರುವ ಆಸ್ಪತ್ರೆ ಕಂಪನಿ, ತನ್ನ ನಿರ್ದೇಶಕರ ಸಂಬಳ ನೌಕರರ ಮೀಡಿಯನ್ ಸಂಬಳದ ಎಷ್ಟು ಪಟ್ಟು ಅಂತ ಹೇಳಲೇಬೇಕು. 2013ರ ಕಂಪನಿ ಕಾಯ್ದೆಯ ಕಲಂ 197 ಅದನ್ನೇ ಹೇಳುತ್ತೆ. ಟ್ರಸ್ಟ್, ಸೊಸೈಟಿ ಆಸ್ಪತ್ರೆಗಳಿಗೆ ಈ ಕಲಂ ಅನ್ವಯಿಸಲ್ಲ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆಯುವ ಲಾಭರಹಿತ ಆಸ್ಪತ್ರೆಗಳು ಸಾಮಾನ್ಯವಾಗಿ ಫಾರ್ಮ್ 990ರಲ್ಲಿ ಮೇಲಧಿಕಾರಿಗಳ ಸಂಬಳ ಬಹಿರಂಗಪಡಿಸುತ್ತವೆ.

ಲೆಕ್ಕ ನೋಡುವವರಿಗೆ ಒಳ್ಳೇ ಸಂಬಳ ಬೇಡ ಅಂತಲ್ಲ. ಸಾರ್ವಜನಿಕರಿಂದ ತೆರಿಗೆ ವಿನಾಯಿತಿ ಬೇಕು ಅಂದ್ರೆ, ಅವರ ಸಂಬಳ, ಆ ನರ್ಸ್ ಸಂಬಳ ಎರಡೂ ಒಂದೇ ಪುಟದಲ್ಲಿ ಪ್ರಕಟವಾಗಲಿ. ಆಗ ‘ಬೇರೆ ಕಡೆ ಎಷ್ಟು’ ಅನ್ನೋದನ್ನು ನಾವೂ ಕೇಳಬಹುದು.